ತೊಂಬತ್ತು ದಿನ ಬದಲಾಗದ ಫೈಲು

ಸೋಮಾರಿಗಳಲ್ಲಿ ನಾನು ಸ್ವಲ್ಪ ಬೇರೆ ಬಗೆಯವನು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಾಮಾನ್ಯ ಸೋಮಾರಿ ಕೆಲಸ ಬಿಟ್ಟು ಮಲಗುತ್ತಾನೆ. ಅವನಿಂದ ಯಾರಿಗೂ ಅಂಥ ತೊಂದರೆಯಿಲ್ಲ. ಎದ್ದ ಮೇಲೆ ಹೇಗೋ ಮಾಡಿ ಮುಗಿಸುತ್ತಾನೆ. ನಾನು ಹಾಗಲ್ಲ. ಹತ್ತು ನಿಮಿಷದ ಕೆಲಸವನ್ನು ಕೈಯಾರೆ ಮಾಡುವ ಬದಲು, ಅದು ತಾನಾಗಿಯೇ ಆಗುವಂತೆ ಏರ್ಪಾಡು ಮಾಡಲು ತಿಂಗಳುಗಟ್ಟಲೆ ಬೆವರು ಸುರಿಸುವವನು. ಮದುವೆಯಾದ ಹೊಸತರಲ್ಲಿ, ಮಧ್ಯಾಹ್ನ ಮಲಗಿದಲ್ಲಿಂದಲೇ ಫ್ಯಾನು ಹಚ್ಚಬೇಕೆಂದು ಸ್ವಿಚ್ಚಿಗೆ ಹಗ್ಗ ಕಟ್ಟಿ, ಅದನ್ನು ಕಿಟಕಿಯ ಸರಳು, ಕ್ಯಾಲೆಂಡರಿನ ಮೊಳೆ, ಕಪಾಟಿನ ಹಿಡಿಕೆ ಇವುಗಳ ಮೇಲೆ ಹಾಯಿಸಿ ತಲೆದಿಂಬಿನ ತನಕ ತಂದಿದ್ದೆ. ಮೊದಲ ಸಲ ಎಳೆದಾಗ ಸ್ವಿಚ್ಚು ಇದ್ದಲ್ಲೇ ಇತ್ತು. ಕಪಾಟಿನ ಬಾಗಿಲು ತೆರೆದುಕೊಂಡು ತವರಿನಿಂದ ಬಂದ ಹಿತ್ತಾಳೆ ಪಾತ್ರೆಗಳು ಒಂದೊಂದಾಗಿ ಕೆಳಗಿಳಿದು ಬಂದವು. ನನ್ನ ಹೆಂಡತಿ ಶಾಂತಾ ಅಡುಗೆಮನೆಯಿಂದ ಬಂದು, ಫ್ಯಾನು ಹಚ್ಚಿ, "ಆತಿಲ್ರಿ? ಮಲಕೋರಿ ಇನ್ನ" ಎಂದಳು. ಅವತ್ತಿನಿಂದ ಮನೆಯಲ್ಲಿ ನನ್ನ ಏರ್ಪಾಡುಗಳಿಗೆ ಅನುಮತಿಯಿಲ್ಲ.

ಹೀಗಾಗಿ ನನ್ನ ಕೈಚಳಕಕ್ಕೆ ಉಳಿದದ್ದು ಶಾಲೆ ಒಂದೇ. ಗಡಿಯ ಆಚೆಗಿರುವ ಜತ್ತದಲ್ಲಿ ನಾನು ಗಣಿತ ಕಲಿಸುತ್ತಿದ್ದ ಆ ಶಾಲೆಯಲ್ಲಿ ಪಾಠ ಕನ್ನಡದಲ್ಲಿ, ಸರಕಾರದ ಜೊತೆ ಪತ್ರವ್ಯವಹಾರ ಮರಾಠಿಯಲ್ಲಿ, ಜಗಳ ಎರಡರಲ್ಲೂ ನಡೆಯುತ್ತಿದ್ದವು. ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷವಾಗಿತ್ತು. ನಮಗೆ ಆರು ಕಂಪ್ಯೂಟರುಗಳೂ ಅವೆಲ್ಲವುಗಳ ಫೈಲುಗಳನ್ನು ಒಂದೇ ಕಡೆ ಇಟ್ಟುಕೊಳ್ಳುವ ಒಂದು ಸರ್ವರೂ ಬಂದವು. ಮುಖ್ಯಾಧ್ಯಾಪಕರು ನನ್ನನ್ನು ಕರೆದು, "ಗಣಿತ ಬರ್ತದಲ್ರಿ ನಿಮಗ? ಹಂಗಾದ್ರ ಇದೂ ಬಂದಽ ಬರ್ತದ ತಗೋರಿ" ಎಂದು ಕೋಣೆಯ ಕೀಲಿಕೈ ಕೊಟ್ಟರು. ಸಾಂಗ್ಲಿಗೆ ಹೋಗಿ ಹತ್ತು ದಿನ ಕಲಿತು ಬಂದೆ. ಮೊದಲ ನಾಲ್ಕು ದಿನ ಮೌಸು ಹಿಡಿಯುವುದನ್ನು ಕಲಿತೆ, ಉಳಿದ ಆರು ದಿನ ಮೌಸು ಹಿಡಿಯುವವರನ್ನು ಕೀಳಾಗಿ ಕಾಣುವುದನ್ನು ಕಲಿತೆ. ನಿಜವಾದ ಜಾಣರು ಮೌಸು ಮುಟ್ಟುವುದಿಲ್ಲವಂತೆ. ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯುತ್ತಾರಂತೆ. ಅಂಥ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ ಅದು ಶೆಲ್ ಸ್ಕ್ರಿಪ್ಟು. ಆಮೇಲೆ ಹೇಳಿದ ದಿನ, ಹೇಳಿದ ಗಳಿಗೆಗೆ ಕಂಪ್ಯೂಟರು ತಾನಾಗಿಯೇ ಆ ಕೆಲಸ ಮಾಡುತ್ತದೆ. ತಾನಾಗಿಯೇ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು.

ಮೂರು ವರ್ಷದೊಳಗೆ ಸರ್ವರು ತುಂಬಿ ಬಿರಿಯತೊಡಗಿತು. ಯಾರು ಏನು ಉಳಿಸಲು ಹೋದರೂ ಜಾಗವಿಲ್ಲ ಎನ್ನುತ್ತಿತ್ತು. ಒಳಗೆ ಇಣುಕಿ ನೋಡಿದರೆ, ದೇವರೇ, ಏನುಂಟು ಏನಿಲ್ಲ! ಆಟದ ಮಾಸ್ತರರು ತುಂಬಿಟ್ಟ ಸಿನೆಮಾ ಹಾಡುಗಳು. ಭೂಗೋಳದವರು ಎಲ್ಲಿಂದಲೋ ತಂದ, ಭೂಗೋಳಕ್ಕೆ ಸಂಬಂಧವಿಲ್ಲದ ಹೂವಿನ ಚಿತ್ರಗಳು. ಹತ್ತನೆಯ ವರ್ಗದವರು ತಮ್ಮ ತಮ್ಮ ಹೆಸರನ್ನು ನೂರು ಬಣ್ಣದಲ್ಲಿ ಬರೆದು ಉಳಿಸಿದ್ದು. ಹೆಸರೇ ಇಲ್ಲದ ಫೋಲ್ಡರಿನೊಳಗೆ ಇನ್ನೊಂದು ಹೆಸರಿಲ್ಲದ ಫೋಲ್ಡರು, ಅದರೊಳಗೆ ಏನೂ ಇಲ್ಲ. ಕೂತು ಒಂದೊಂದನ್ನೇ ಅಳಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ನಾನು ಎಂಥವನೆಂದು ಮೊದಲೇ ಹೇಳಿದ್ದೇನಲ್ಲ.

ಸ್ಕ್ರಿಪ್ಟು ಬರೆಯಲು ಕುಳಿತೆ. ಅದರ ತಿರುಳು ಇಷ್ಟೇ: ತೊಂಬತ್ತು ದಿನಗಳಿಂದ ಬದಲಾಗದೆ ಬಿದ್ದಿರುವ ಫೈಲುಗಳನ್ನು ಹುಡುಕು, ಸಿಕ್ಕದ್ದನ್ನೆಲ್ಲ ಅಳಿಸು. ಮೂರು ತಿಂಗಳಲ್ಲಿ ಒಮ್ಮೆಯೂ ಬದಲಾಗದ್ದು ಯಾರಿಗೆ ಬೇಕು? ಎರಡು ಸಾಲಿನ ಈ ಸಾಹಿತ್ಯಕ್ಕೆ ನನಗೆ ತಿಂಗಳು ಹಿಡಿಯಿತು. ಒಂದು ದಿನ ಆಜ್ಞೆಯಲ್ಲಿ ಒಂದು ಚುಕ್ಕೆ ಹೆಚ್ಚಾಗುತ್ತಿತ್ತು, ಮರುದಿನ ಎರಡು ಪದಗಳ ನಡುವಿನ ಜಾಗ ಕಡಿಮೆಯಾಗುತ್ತಿತ್ತು. ತಿದ್ದಿದೆ, ಮತ್ತೆ ತಿದ್ದಿದೆ. ಶಹರದವರು ಇಂಥ ಕೆಲಸವನ್ನು ರಾತ್ರಿ ಹೊತ್ತು ನಡೆಯುವಂತೆ ಇಡುತ್ತಾರಂತೆ. ನಮ್ಮಲ್ಲಿ ರಾತ್ರಿ ಕರೆಂಟು ಇದ್ದರಲ್ಲವೆ? ಲೋಡ್‌ಶೆಡ್ಡಿಂಗಿನ ವೇಳಾಪತ್ರಿಕೆ ಗೋಡೆಗೆ ಅಂಟಿಸಿಕೊಂಡು ಪಂಚಾಂಗ ನೋಡಿದಂತೆ ನೋಡಿ, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಎಂದು ಮುಹೂರ್ತ ಇಟ್ಟೆ. ಮೊದಲು ಒಂದು ಪ್ರತಿ ಬೇರೆಡೆ ತೆಗೆದಿಡಬೇಕೆಂದು ಪುಸ್ತಕದಲ್ಲಿತ್ತು. ಆ ಅಧ್ಯಾಯ ಕೊನೆಯಲ್ಲಿತ್ತು. ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಆದರೂ ನಾನು ಅನ್ಯಾಯಗಾರನಲ್ಲ. ಎಲ್ಲರಿಗೂ ಮುಂಚಿತವಾಗಿ ತಿಳಿಸಬೇಕೆಂದು ಒಂದು ನೋಟೀಸು ಬರೆದು ನಮ್ಮ ಕಚೇರಿಯ ಗುಮಾಸ್ತ ದಸ್ತಗೀರ ಚಾಚಾರ ಕೈಗೆ ಕೊಟ್ಟೆ. ಚಾಚಾ ನಮ್ಮ ಶಾಲೆಯಲ್ಲಿ ನನಗಿಂತ ಹಳಬರು. ಮನೆಯಲ್ಲಿ ದಖನಿ, ಕಚೇರಿಯಲ್ಲಿ ಕನ್ನಡ, ಕಾಗದದ ಮೇಲೆ ಮರಾಠಿ. ಮೂರರಲ್ಲೂ ಅವರ ಅಕ್ಷರ ಒಂದೇ ಸಮ ದುಂಡಗೆ. ನಿವೃತ್ತಿಗೆ ಐದಾರು ವರ್ಷ ಇದ್ದಾಗ ಮೇಜಿನ ಮೇಲೆ ಕಂಪ್ಯೂಟರು ಬಂದು ಕೂತಿತು. ಅವರು ಹೆದರಲಿಲ್ಲ. ತಮ್ಮದೇ ಒಂದು ಪದ್ಧತಿ ಹಾಕಿಕೊಂಡರು. ದಾಖಲೆ, ರಜಾ ಅರ್ಜಿ, ನೋಟೀಸು ಹೀಗೆ ಒಂದೊಂದಕ್ಕೂ ಒಂದೊಂದು ಮಾದರಿ ಫೈಲು. ಅದನ್ನು ತೆರೆಯುವುದು, ಹೆಸರು ತಾರೀಖು ಬದಲಿಸುವುದು, ಪ್ರಿಂಟು ತೆಗೆಯುವುದು. ಮುಚ್ಚುವಾಗ, ಬದಲಾದದ್ದನ್ನು ಉಳಿಸಲೇ ಎಂದು ಕಂಪ್ಯೂಟರು ಕೇಳಿದರೆ, "ಬ್ಯಾಡಪಾ" ಎಂದು ಬಾಯಿಬಿಟ್ಟು ಹೇಳಿ 'ಬೇಡ' ಒತ್ತುವುದು. ಮಾದರಿ ಕೆಡಬಾರದು. "ಸಾಚಾ ಸರಿ ಇದ್ರ ಬಳಿ ತಾನಽ ಸರಿ ಬರ್ತಾವ್ರಿ ಸರ" ಎನ್ನುತ್ತಿದ್ದರು. ಅವರ ಅಪ್ಪ ಸಾಚಾದಲ್ಲಿ, ಅಂದರೆ ಅಚ್ಚಿನಲ್ಲಿ, ಬಳೆ ಮಾಡಿ ಮಾರುತ್ತಿದ್ದವರು. ನನ್ನ ನೋಟೀಸನ್ನೂ ಚಾಚಾ ಹಾಗೆಯೇ ಮಾದರಿ ತೆರೆದು, ಎರಡು ಭಾಷೆಯಲ್ಲಿ ಹೊಡೆದು, ಪ್ರಿಂಟು ತೆಗೆದು, "ಬ್ಯಾಡಪಾ" ಎಂದು ಮುಚ್ಚಿ ಫಲಕಕ್ಕೆ ಅಂಟಿಸಿದರು. 'ಬಳಕೆಯಲ್ಲಿ ಇಲ್ಲದ ಹಳೆಯ ಫೈಲುಗಳನ್ನು ಶನಿವಾರ ಅಳಿಸಲಾಗುವುದು. ಆಕ್ಷೇಪಣೆ ಇದ್ದವರು ತಿಳಿಸತಕ್ಕದ್ದು.' ಯಾರ ಆಕ್ಷೇಪಣೆಯೂ ಬರಲಿಲ್ಲ.

ಶನಿವಾರ ಹನ್ನೆರಡಕ್ಕೆ ಸರ್ವರಿನ ಮುಂದೆ ಕುಳಿತೆ. ಅದು ಗರಗರ ಎಂದಿತು. ಎರಡು ನಿಮಿಷದಲ್ಲಿ ಅರ್ಧಕ್ಕರ್ಧ ಖಾಲಿ. ನನಗಾದ ಆನಂದವನ್ನು ಏನೆಂದು ಹೇಳಲಿ! ಬಸ್ ಸ್ಟ್ಯಾಂಡಿನ ಮುಂದಿನ ಹೊಟೇಲಿಗೆ ಹೋಗಿ ನನಗೆ ನಾನೇ ಒಂದು ಚಹಾ, ಒಂದು ಪ್ಲೇಟು ಭಜಿ ಸತ್ಕಾರ ಮಾಡಿಕೊಂಡೆ. ಮನೆಗೆ ಹೋಗಿ ಶಾಂತಾಳಿಗೂ ಹೇಳಿದೆ. "ಏನರೆ ಬಿದ್ದೂವೇನ್ರಿ ಮ್ಯಾಲಿಂದ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಹಾಜರಿ ಮುಗಿಸಿ ಬರುತ್ತಿದ್ದಾಗ ಕಚೇರಿಯಿಂದ ಚಾಚಾ ಕರೆದರು. "ಸರ, ಒಂದ್ ಗಳಿಗಿ ಬರ್ರಿ ಇಲ್ಲೆ. ನನ್ನ ಯಾದಿ ಕಾಣವಲ್ದು."

"ಯಾವ ಯಾದಿರಿ ಚಾಚಾ?"

"ಹುಡುಗ್ಯಾರ ಬಸ್ ಪಾಸಿನ ಯಾದಿರಿ. ಯಾದಿ ಅಷ್ಟಽ ಅಲ್ರಿ. ದಾಖಲೆ ಇಲ್ಲ, ರಜಾ ಅರ್ಜಿ ಇಲ್ಲ, ನೋಟೀಸೂ ಇಲ್ಲ. ಬಳದ ತೊಳದಂಗ ಆಗೇತ್ರಿ!"

ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಸನಮಡಿಯ ಭಾಗ್ಯಶ್ರೀ, ಹನ್ನೊಂದನೆಯ ವರ್ಗ, ನನ್ನ ಗಣಿತದ ತಾಸಿನಲ್ಲಿ ಮುಂದಿನ ಬೆಂಚಿನವಳು. ಊರಿನಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿಯರಿಗೆ ತಿಂಗಳ ಪಾಸು ಸಿಗಬೇಕಾದರೆ, ಇವರೆಲ್ಲ ನಮ್ಮ ವಿದ್ಯಾರ್ಥಿನಿಯರು ಎಂದು ಶಾಲೆಯಿಂದ ಹೆಸರುಗಳ ಯಾದಿ ಹೋಗಬೇಕು. ಜೂನಿನಲ್ಲಿ ಚಾಚಾ ಆ ವರ್ಷದ ಹೆಸರುಗಳನ್ನು ಸೇರಿಸಿ ಉಳಿಸಿಟ್ಟಿದ್ದರು. ಅಲ್ಲಿಂದ ಪ್ರತಿ ತಿಂಗಳೂ ಅದನ್ನೇ ತೆರೆದು, ತಾರೀಖು ಮಾತ್ರ ಬದಲಿಸಿ, ಪ್ರಿಂಟು ತೆಗೆದು, ಉಳಿಸದೆ ಮುಚ್ಚುತ್ತಿದ್ದರು. ಈಗ ದೀಪಾವಳಿ ಮುಗಿದಿತ್ತು.

ನಿತ್ಯ ತೆರೆದ ಫೈಲು, ಒಂದು ದಿನವೂ ಬದಲಾಗದ ಫೈಲು! ಶಾಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುತ್ತಿದ್ದ ಫೈಲುಗಳೇ ನನ್ನ ಸ್ಕ್ರಿಪ್ಟಿನ ಕಣ್ಣಿಗೆ ಬಿದ್ದುಕೊಂಡಿದ್ದ ದಂಡಪಿಂಡಗಳಾಗಿ ಕಂಡಿದ್ದವು. ಚಾಚಾ ತಾವೇ ಹೊಡೆದ ನೋಟೀಸಿಗೆ ಯಾಕೆ ಆಕ್ಷೇಪಣೆ ಹೇಳಲಿಲ್ಲವೆಂಬುದೂ ಹೊಳೆಯಿತು. ಬಳಕೆಯಲ್ಲಿ ಇಲ್ಲದ್ದು ಎಂದು ಬರೆದವನು ನಾನು. ಅವರು ದಿನಾ ಬಳಸುತ್ತಿದ್ದರಲ್ಲ!

"ವೈರಸ್ ಬಂದಿರಬೇಕ್ರಿ ಚಾಚಾ" ಎಂದೆ.

ಸುಳ್ಳು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ನನ್ನ ಆಯುಷ್ಯದಲ್ಲಿ ಯಾವ ತಯಾರಿಯೂ ಇಲ್ಲದೆ ನಿಜವಾಗಿ ತಾನಾಗಿಯೇ ಆದ ಕೆಲಸ ಅದೊಂದೇ ಇರಬೇಕು. ಅಷ್ಟರಲ್ಲಿ ಭಾಗ್ಯಶ್ರೀ ಒಳಗೆ ಬಂದಳು. "ಸರ, ಇವತ್ತಿಗಿ ಪಾಸ್ ಮುಗೀತೈತ್ರಿ. ಮಧ್ಯಾಹ್ನ ಒಂದಕ್ಕ ಪಾಸಿನ ಕಿಡಕಿ ಮುಚ್ಚತಾರ. ನಮ್ಮಪ್ಪ ಪಾಸ್ ಇರೂತನ ಸಾಲಿ, ಪಾಸ್ ಮುಗದ ದಿವಸ ಮನಿ ಅಂದಾನ್ರಿ. ಯಾವಾಗ ಮುಗೀತದಂತ ದಾರಿ ಕಾಯಾಕ ಹತ್ಯಾನ. ಒಂದ್ ದಿನ ತಪ್ಪಿದ್ರೂ ಸಾಕ್ರಿ ಅವಗ." ಅಳಬಾರದೆಂದು ಓಢಣಿಯ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ನನಗೆ ನಾಚಿಕೆಯಿಂದ ನೆಲ ನೋಡುವಂತಾಯಿತು.

"ಹಳೇ ಯಾದಿ ಪ್ರತಿ ಇರಬೇಕಲ್ರಿ ಕಪಾಟಿನ್ಯಾಗ?" ಎಂದು ಚಾಚಾರನ್ನು ಕೇಳಿದೆ.

"ಎರಡೆರಡ ಪ್ರಿಂಟ್ ತಗೀತಿದ್ನ್ಯಲ್ರಿ ಸರ ಮೊದಲ. ಕಂಪ್ಯೂಟರಿನ್ಯಾಗ ಇರ್ತದಲ್ಲ, ಕಾಗದ ಯಾಕ ಹಾಳ ಮಾಡ್ತೀರಿ ಅಂತ ನೀವಽ ಬಿಡಿಸಿದ್ರಿ."

ಹೌದು, ಅದೂ ನಾನೇ. ಆ ವರ್ಷ ಶಾಲೆಯಲ್ಲಿ ನಡೆದ ಸುಧಾರಣೆಗಳಲ್ಲಿ ನನ್ನ ಕೈ ಇಲ್ಲದ್ದು ಕಡಿಮೆ.

ಗಡಿಯಾರ ಹನ್ನೊಂದು ಗಂಟೆ ತೋರಿಸುತ್ತಿತ್ತು. ಸೋಮವಾರ ಹನ್ನೆರಡಕ್ಕೆ ಕರೆಂಟು ಹೋದರೆ ನಾಲ್ಕರ ತನಕ ಬರುವುದಿಲ್ಲ. ಕೈಯಲ್ಲೇ ಬರೆದು ಕೊಡೋಣವೆಂದರೆ ಬಸ್ ಡಿಪೊದವರು ಗೆರೆ ಹೊಡೆದ ಆ ಒಂದು ನಮೂನೆ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಹಿಂದೆ ಮೂರು ಸಲ ಅವರಲ್ಲಿಗೆ ಹೋಗಿ ಕೇಳಿ ಕೇಳಿ ಅದನ್ನು ಕೂಡಿಸಿದವರೇ ಚಾಚಾ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಕುಂದ್ರಿ ಸರ ಮಶೀನಿನ ಮುಂದ. ನಾ ಹೇಳ್ತೀನಿ, ನೀವ್ ಹೊಡೀರಿ. ನನ್ನ ಕಣ್ಣ ಲಗೂನ ಓಡಂಗಿಲ್ಲ" ಎಂದು ಕಣ್ಣು ಮುಚ್ಚಿದರು.

ನಾನು ಕುಳಿತೆ. ಚಾಚಾ ಶುರು ಮಾಡಿದರು. "ದಾಖಲಾ ದೇಣ್ಯಾತ ಯೇತೋ ಕೀ..." ದಾಖಲೆ ಕೊಡಲಾಗುತ್ತದೆ ಏನೆಂದರೆ, ಎಂದು ಆರಂಭವಾಗುವ ಆ ಮರಾಠಿ ಗದ್ಯವನ್ನು ಅವರು ಉಸಿರು ಕಟ್ಟಿಕೊಂಡು ಮಂತ್ರದ ಹಾಗೆ ಹೇಳುತ್ತ ಹೋದರು. ಎಲ್ಲಿ ಸಾಲು ಮುರಿಯಬೇಕು, ಎಲ್ಲಿ ಎರಡು ಬೆರಳು ಜಾಗ ಬಿಡಬೇಕು, ಯಾವ ಗೆರೆ ದಪ್ಪ, ಯಾವುದು ಸಣ್ಣ, ಎಲ್ಲ ಬಾಯಿಪಾಠ. ನಾನು ಎರಡೇ ಬೆರಳಿನಿಂದ ಹೊಡೆಯುತ್ತಿದ್ದೆ. ಜಾಣರು ಆಜ್ಞೆ ಬರೆಯುತ್ತಾರೆ ಎಂದು ಮೆರೆದವನಿಗೆ ಈಗ ಆಜ್ಞೆ ಪಾಲಿಸುವ ಪಾಳಿ. ಸ್ವಲ್ಪ ಹೊತ್ತಿಗೆ ತಡೆಯಲಾಗಲಿಲ್ಲ.

"ಚಾಚಾ, ವೈರಸ್ ಅಲ್ರಿ ಅದು. ನಾನಽ ಅಳಸೀನಿ. ನನ್ನ ಸ್ಕ್ರಿಪ್ಟ್ ಅಳಸೇತಿ."

ಚಾಚಾ ಕಣ್ಣು ತೆರೆಯಲಿಲ್ಲ. "ಗೊತ್ತೈತ್ರಿ. ನೋಟೀಸ ಹೊಡದಾಂವ ನಾನಽ ಅಲ್ರಿ? ವೈರಸ್ ಎಲ್ಲೆರೆ ಮೊದಲ ನೋಟೀಸ ಹಚ್ಚಿ ಬರ್ತದೇನ್ರಿ? ಹೂಂ, ಮುಂದಿನ ಸಾಲ ಹೊಡೀರಿ."

ಹೆಸರುಗಳ ಸರದಿ ಬಂತು. ಇಲ್ಲಿ ಭಾಗ್ಯಶ್ರೀ ಮುಂದೆ ಬಂದಳು. "ನಮ್ಮ ಬಸ್ಸಿನವರ ಹೆಸರ ನಾ ಹೇಳ್ತೀನ್ರಿ ಸರ" ಎಂದು ಯಾರು ಯಾವ ಸೀಟಿನಲ್ಲಿ ಕೂರುತ್ತಾರೋ ಆ ಕ್ರಮದಲ್ಲೇ ಹೇಳತೊಡಗಿದಳು. ಮುಚ್ಚಂಡಿ ಕಡೆಯ ಬಸ್ಸಿನವರನ್ನು ಚಾಚಾ ಹೇಳಿದರು. ಏಳು ಹೆಸರಾಯಿತು. ಚಾಚಾ ಥಟ್ಟನೆ, "ಮುಂದ ಒಂಬತ್ತ ಬರೀರಿ" ಎಂದರು.

"ಎಂಟು ಎಲ್ಲಿ ಹೋತ್ರಿ?"

"ಎಂಟ ನಾವ್ ಬರ್ಯಂಗಿಲ್ರಿ. ಮೊದಲನೇ ವರ್ಷ ಎಂಟನೇ ಹುಡುಗಿ ನಡುವಽ ಸಾಲಿ ಬಿಟ್ಲು. ಲಗ್ನಾ ಮಾಡಿಬಿಟ್ರು. ಆಕಿ ಹೆಸರ ತಗದ್ನಿ, ಅದರ ಕೂಡ ಆ ಸಾಲಽ ಹೋತು. ಮತ್ತ ಸೇರಸಾಕ ಹೋದ್ರ ಗೆರಿ ಎಲ್ಲಾ ಕೆಡತಾವಂತ ಬಿಟ್ಟೆ. ಆವಾಗಿಂದ ಏಳರ ಮುಂದ ಒಂಬತ್ತಽ. ಯಾಕೋ ಆ ಎಂಟ ನಮಗ ಆಗಿಬಂದಿಲ್ರಿ."

ಭಾಗ್ಯಶ್ರೀ ಪರದೆಯ ಹತ್ತಿರ ಬಗ್ಗಿ, "ಸರ, ಎಂಟಕ್ಕ ನನ್ನ ಹೆಸರ ಹಾಕ್ರಿ. ನಾ ಎಲ್ಲೂ ಹೋಗಂಗಿಲ್ಲ" ಎಂದಳು. ಚಾಚಾ ಈಗ ಕಣ್ಣು ತೆರೆದು ಅವಳನ್ನು ನೋಡಿದರು. "ಹಾಕ್ರಿ ಸರ" ಎಂದರು. ಗೆರೆ ಕೆಡಲಿಲ್ಲ. ಕೆಟ್ಟಿದ್ದರೂ ಕೂತು ಸರಿಮಾಡುತ್ತಿದ್ದೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಪ್ರಿಂಟರು ಕಿರುಚಲು ಶುರು ಮಾಡಿತು. ಅದರ ಕರ್ಕಶ ದನಿಗೆ ನಾನು ಮೊದಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅವತ್ತು ಇಂಪಾಗಿ ಕೇಳಿಸಿತು. ಕೊನೆಯ ಸಾಲು ಬಿದ್ದು ಕಾಗದ ಹರಿಯುವಷ್ಟರಲ್ಲಿ ಫ್ಯಾನು ನಿಂತಿತು. "ಯಾ ಅಲ್ಲಾ, ಬದಕಿಸಿದಿ" ಎಂದು ಚಾಚಾ ಟೋಪಿ ಹಾಕಿಕೊಂಡರು. ಮುಖ್ಯಾಧ್ಯಾಪಕರ ಸಹಿ, ಶಿಕ್ಕಾ ಎಲ್ಲ ಆಗಿ ನಾನೂ ಭಾಗ್ಯಶ್ರೀಯೂ ಡಿಪೊಗೆ ಓಡಿದೆವು. ಸ್ಕೂಟರು ಇತ್ತು. ನನ್ನ ಗಡಿಬಿಡಿಗೆ ಅದು ಶುರುವಾಗಲಿಲ್ಲ.

ಕಿಟಕಿಯೊಳಗಿನ ಗೃಹಸ್ಥರು ಯಾದಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡುತ್ತ ಬಂದು ಒಂದು ಕಡೆ ನಿಂತರು. "ಹಾ ಆಠ ನಂಬರ್ ಕುಠೂನ ಆಲಾ?" ಎಂದು ಕೇಳಿದರು. ಈ ಎಂಟನೆಯ ನಂಬರು ಎಲ್ಲಿಂದ ಬಂತೆಂದು. ಇಷ್ಟು ವರ್ಷ ಏಳರ ಮುಂದೆ ಒಂಬತ್ತು ನೋಡಿ ನೋಡಿ ಅವರಿಗೂ ಅಭ್ಯಾಸವಾಗಿತ್ತು. ಸರ್ವರು, ಸ್ಕ್ರಿಪ್ಟು, ತೊಂಬತ್ತು ದಿನ, ಎಲ್ಲಿಂದ ಆರಂಭಿಸಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಪಕ್ಕದಿಂದ ದನಿ ಬಂತು. "ಮೀ ಆಹೆ ಸಾಹೇಬ." ನಾನೇ ಇದ್ದೀನಿ ಎಂದಳು ಭಾಗ್ಯಶ್ರೀ, ಕಿಟಕಿಯ ಸರಳಿಗೆ ಮುಖ ತಾಗಿಸಿ. ಅವರು ಕನ್ನಡಕದ ಮೇಲಿಂದ ಅವಳನ್ನು ನೋಡಿ ನಕ್ಕು ಶಿಕ್ಕಾ ಬಡಿದರು. ಅವಳು ಪಾಸನ್ನು ಗಣಿತದ ಪುಸ್ತಕದಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿ, "ನಾಳಿ ಬರ್ತೀನ್ರಿ ಸರ" ಎಂದಳು. ನನಗೆ ಅಳು ಬಂದಿತ್ತು ಎಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ.

ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಶಾಂತಾ ರೊಟ್ಟಿ ಬಡಿಯುತ್ತ ಕೇಳಿದಳು. "ಅಂದ್ರ ದಿನಾ ಅದಽ ಕೆಲಸ ಮಾಡೂದು ನಿಮ್ಮ ಮಶೀನಿಗಿ ಕಾಣಂಗಿಲ್ಲ ಅನ್ರಿ. ನಾ ಹನ್ನೆರಡ ವರ್ಷ ಆತು ಇದಽ ರೊಟ್ಟಿ ಬಡ್ಯಾಕ ಹತ್ತೀನಿ. ನನ್ನ ಹೆಸರ ಎಲ್ಲೂ ಬರದ ಗಿರದ ಇಟ್ಟಿಲ್ಲ ಹೌದಿಲ್ಲೊ ಅದರಾಗ?" ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮರುದಿನ ತಪ್ಪು ತಿದ್ದಿಕೊಳ್ಳುವ ಉತ್ಸಾಹದಲ್ಲಿ ಚಾಚಾರನ್ನು ಸರ್ವರಿನ ಮುಂದೆ ಕೂರಿಸಿದೆ. ಅವರಿಗೆ ಬೇಕಾದ ಫೈಲುಗಳ ಹೆಸರು ಹೇಳಿದರೆ ಅವನ್ನು ಮುಟ್ಟದಂತೆ ಸ್ಕ್ರಿಪ್ಟಿಗೆ ತಾಕೀತು ಮಾಡುವುದಾಗಿ ಹೇಳಿದೆ. ಸ್ಕ್ರಿಪ್ಟನ್ನು ಬಿಡಲು ನನಗೆ ಇನ್ನೂ ಮನಸ್ಸಿರಲಿಲ್ಲ ನೋಡಿ. "ಚಾಚಾ, ಅಳಿಸಿದ್ದು ಕೆಟ್ಟಽ ಆತು ಖರೆ. ಆದ್ರ ಎಂಟನೇ ನಂಬರ್ ಅಂತೂ ತುಂಬಿತಲ್ರಿ!" ಎಂದು ಹೊಗಳಿಕೆಗೆ ಸ್ವಲ್ಪ ಜಾಗವನ್ನೂ ಮಾಡಿಕೊಟ್ಟೆ. ಚಾಚಾ ಹೊಗಳಲಿಲ್ಲ. "ಅಳಿಸಿದ್ದ ಇರ್ಲಿ ಸರ. ನಿಮ್ಮ ಮಶೀನ್ ಚಲೋದಂತ ಆರಿಸಿ ಏನೇನ್ ಉಳಿಸೇತಿ, ಅದನ್ನಷ್ಟ ತೋರಸ್ರಿ ನೋಡೂಣು" ಎಂದರು.

ಪರದೆಯ ಮೇಲೆ ಪಟ್ಟಿ ಬಂತು. ಆಟದ ಮಾಸ್ತರರ ಹಾಡುಗಳು ಉಳಿದಿದ್ದವು. ಅವರು ವಾರವಾರ ಹೊಸದನ್ನು ತುಂಬುತ್ತಿದ್ದರು. ಅದರ ಕೆಳಗೆ ನನ್ನ ಹೆಸರಿನ ಫೋಲ್ಡರು. ಅದರಲ್ಲಿ ಆ ಸ್ಕ್ರಿಪ್ಟೇ ಇತ್ತು. ಒಂದಲ್ಲ, ಮೂವತ್ತೊಂದು. ಒಂದು ತಿಂಗಳು ದಿನಕ್ಕೊಂದರಂತೆ ತಿದ್ದಿ ತಿದ್ದಿ ಬೇರೆ ಬೇರೆಯಾಗಿ ಉಳಿಸಿದ್ದೆನಲ್ಲ, ಎಲ್ಲವೂ ಹೊಚ್ಚ ಹೊಸವು, ಒಂದಕ್ಕೂ ತೊಂಬತ್ತು ದಿನ ತುಂಬಿರಲಿಲ್ಲ. ಚಾಚಾ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಒಂದೊಂದರ ಮೇಲೂ ಬೆರಳಿಡುತ್ತ ಕೊನೆಯ ತನಕ ಹೋದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು. "ಇದರಾಗ ಯಾವದ ತೋರಿಸಿದ್ರ ಕಂಡಕ್ಟರ್ ಹುಡುಗೀನ ಬಸ್ಸಿನ್ಯಾಗ ಕುಂಡ್ರಿಸ್ಕೋತಾನ್ರಿ ಸರ?"

ಪಟ್ಟಿಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದೆ. ಆಮೇಲೆ ಒಂದೊಂದನ್ನೇ ಅಳಿಸತೊಡಗಿದೆ. ಪ್ರತಿಯೊಂದಕ್ಕೂ ಕಂಪ್ಯೂಟರು ಖಾತ್ರಿಯೇ ಎಂದು ಕೇಳುತ್ತಿತ್ತು. ಎಲ್ಲಕ್ಕೂ ಒಂದೇ ಸಲ ಹೂಂ ಅನ್ನಿಸುವ ಆಜ್ಞೆಯೂ ನನಗೆ ಗೊತ್ತಿತ್ತು, ಆದರೆ ಬರೆಯಲಿಲ್ಲ. ಮೂವತ್ತೊಂದು ಸಲ ಕೈಯಾರೆ ಹೌದು ಎಂದೆ. ಚಾಚಾ ಪಕ್ಕದಲ್ಲಿ ಕುಳಿತು ಎಣಿಸುತ್ತಿದ್ದರು.